ಎಂಟನೇದಾಂವ

ಹಲಸಂಗಿ ಎಂದರೆ ಓದುವ ಜನಕ್ಕೆ ಹಾಡು ನೆನಪಾಗುತ್ತದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರೆಲ್ಲ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡ ಸೀಮೆ ಇದು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಎಪ್ಪತ್ತರ ದಶಕದಲ್ಲಿ ಹಲಸಂಗಿ ಸುತ್ತಿನ ಒಂದು ಊರಿನ ಶಾಲೆಯಲ್ಲಿ ಕಲಿಯುತ್ತಿದ್ದ ನಮಗೆ ಮಾತ್ರ ಹಾಡಿನ ಗೊಡವೆ ಇರಲಿಲ್ಲ. ತಲೆ ತುಂಬ ಶರ್ಯತ್ತು. ಕಾರಹುಣ್ಣಿಮೆಗೆ ಕರಿ ಹರಿಯುವುದು, ಜಾತ್ರೆಯಲ್ಲಿ ತೆರಬಂಡಿ, ಜೋಳದ ಚೀಲ ಹೊತ್ತು ಓಡುವುದು, ಕಲ್ಲು ಎತ್ತುವುದು, ಸಂಜೆಗೆ ಕುಸ್ತಿ.

ಈ ಶರ್ಯತ್ತುಗಳಲ್ಲಿ ನ್ಯಾಯ ಇರಲಿಲ್ಲ ಎಂದರೆ ಸುಳ್ಳಾದೀತು. ದನದ ಜಾತ್ರೆಯಲ್ಲಿ ಬಹುಮಾನ ಹೇಳುವ ಮೊದಲು ಹೋರಿಯ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು. ಹಾಲುಹಲ್ಲಿನದು ಬೇರೆ, ಎರಡು ಹಲ್ಲಿನದು ಬೇರೆ, ಬಾಯಿಗೂಡಿದ್ದು ಬೇರೆ. ಕುಸ್ತಿಯ ಕಣದಲ್ಲಿ ಇಬ್ಬರು ಹಿರಿಯರು ಪೈಲವಾನರನ್ನು ಎದುರುಬದುರು ನಿಲ್ಲಿಸಿ, ಭುಜ ತಟ್ಟಿ, ತೊಡೆ ಹಿಡಿದು ನೋಡಿ ಜೋಡಿ ಹಚ್ಚುತ್ತಿದ್ದರು. ಜೋಡಿ ಸರಿಹೋಗದಿದ್ದರೆ ನೆರೆದ ಮಂದಿಯೇ ಕೂಗೆಬ್ಬಿಸುತ್ತಿದ್ದರು. ದೊಡ್ಡವನು ಸಣ್ಣವನನ್ನು ಚಿತ್ ಮಾಡಿದರೆ ಅದನ್ನು ಯಾರೂ ಗೆಲುವು ಅನ್ನುತ್ತಿರಲಿಲ್ಲ. ಇಷ್ಟು ತಿಳಿದ ಊರಿಗೆ, ಒಂದು ಕಾಲು ಸಣಕಲಾದ ಹುಡುಗನಿಗೂ ಒಬ್ಬ ಜೋಡಿ ಇರಬಹುದು ಎಂಬುದು ಮಾತ್ರ ಹೊಳೆಯಲಿಲ್ಲ.

ಅಂಥವನೊಬ್ಬ ನನ್ನ ಕ್ಲಾಸಿನಲ್ಲೇ ಇದ್ದ. ಕೂಸಾಗಿದ್ದಾಗ ಬಂದ ಜ್ವರದಲ್ಲಿ ಎಡಗಾಲು ಹೋಗಿತ್ತು. ಪೋಲಿಯೊ ಅನ್ನುವ ಹೆಸರು ನಮಗೆ ಆಮೇಲೆ ಗೊತ್ತಾದದ್ದು. ಎಡಗೈಯಿಂದ ಎಡತೊಡೆಯನ್ನು ಒತ್ತಿ ಹಿಡಿದು, ಮೊಣಕಾಲು ಮಡಚದಂತೆ ನೋಡಿಕೊಂಡು ನಡೆಯುತ್ತಿದ್ದ. ಕೈ ಊರುವ ಆ ಜಾಗದಲ್ಲಿ ಅವನ ಚಡ್ಡಿಯ ಬಟ್ಟೆ ಬಣ್ಣ ಕಳೆದು ಜಾಳಾಗಿರುತ್ತಿತ್ತು. ಆಗಸ್ಟ್ 15, ಜನವರಿ 26ರ ಓಟದ ದಿನ ಅವನಿಗೆ ಕಾಯಂ ಕೆಲಸ ದಾರ ಹಿಡಿಯುವುದು. ಸುಣ್ಣದ ಗೆರೆಯ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಮಾಸ್ತರರು. ಯಾರ ಎದೆ ಮೊದಲು ತಾಗಿತು ಎಂದು ಜಗಳ ಬಿದ್ದರೆ ಅವನು ಹೇಳಿದ್ದೇ ಖರೆ. ಒಂದು ವರ್ಷ, ನಾನೂ ಓಡ್ತೀನ್ರಿ ಸರ ಅಂದ. ‘ಬಿದ್ದಗಿದ್ದಿ ಅಂದ್ರ ನಿಮ್ಮವ್ವ ಬಂದು ನನ್ನ ಬೈತಾಳ, ಸುಮ್ನ ಕುಂಡ್ರು’ ಅಂದರು ಮಾಸ್ತರರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಸಂಜೆ ಬಹುಮಾನ ಹಂಚುವಾಗ ಅವನನ್ನೂ ಕರೆದು ಒಂದು ಸೋಪಿನ ಡಬ್ಬಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಡಬ್ಬಿಯನ್ನು ಅವನು ಮನೆಗೆ ಒಯ್ಯಲಿಲ್ಲ, ದಾರಿಯಲ್ಲಿ ಸಿಕ್ಕ ಸಣ್ಣ ಹುಡುಗಿಗೆ ಕೊಟ್ಟುಬಿಟ್ಟ. ಓಡದೇ ಬಂದ ಬಹುಮಾನ ಅದು.

ಮುಂದೆ ಕರೆಂಟಿನ ಜೊತೆ ಊರಿಗೆ ಇನ್ನೊಂದು ಬಗೆಯ ಊನ ಬಂತು. ಕಣಿಕೆ ಕತ್ತರಿಸುವ ಮಷಿನ್, ರಾಶಿ ಮಷಿನ್ ಬಂದವು. ಮೇವು ಒಳಗೆ ತಳ್ಳುವಾಗ ಬೆರಳು ಹೋದವು, ಕೈ ಹೋದವು. ಮೊದಲಾದರೆ ಹುಟ್ಟಿನಿಂದಲೋ ಜ್ವರದಿಂದಲೋ ಬಂದದ್ದು ಎಂದು ಹಣೆಬರಹದ ಲೆಕ್ಕಕ್ಕೆ ಸೇರಿಸಿ ಕೂರುತ್ತಿದ್ದರು. ಮಷಿನ್ನಿಗೆ ಕೈ ಕೊಟ್ಟವನನ್ನು ‘ನೋಡಿ ಮಾಡಬೇಕಿತ್ತು’ ಎಂದು ಬೈದು ಬಿಟ್ಟರು. ಪೋಲಿಯೊ ಹಿಂದೆ ಸರಿಯಿತು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು, ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಮಷಿನ್ನಿಗೆ ಹಾಕುವ ಲಸಿಕೆ ಯಾವುದೂ ಬರಲಿಲ್ಲ.

ನಾವು ದಾರ ಕಟ್ಟಿ ಓಡುತ್ತಿದ್ದ ಕಾಲಕ್ಕೆ ಹೊರಗೆ ಏನೇನು ನಡೆದಿತ್ತು ಎಂಬುದನ್ನು ಈಗ ಓದಿ ತಿಳಿದಿದ್ದೇನೆ. 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್. 1964ರ ಟೋಕಿಯೊದಲ್ಲಿ ಗಾಲಿಕುರ್ಚಿಯ ಓಟ. ಕೈಕಾಲು ಕಳೆದುಕೊಂಡವರೂ ಕಣ್ಣಿಲ್ಲದವರೂ ಟ್ರ್ಯಾಕಿಗೆ ಇಳಿದದ್ದು 1976ರಲ್ಲಿ, ಟೊರಾಂಟೊದಲ್ಲಿ. ನಮಗೆ ದೂರವೇನೂ ಅಲ್ಲದ ಸಾಂಗ್ಲಿ ಜಿಲ್ಲೆಯ ಮುರಲೀಕಾಂತ ಪೇಟಕರ, 1965ರ ಯುದ್ಧದಲ್ಲಿ ಗುಂಡು ತಿಂದ ಸೈನಿಕ, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಈಜಿ ಚಿನ್ನ ಗೆದ್ದರು. ನಾವು ಸಂತೆಗೆ, ದವಾಖಾನೆಗೆ, ಸಿನಿಮಾಕ್ಕೆ ಸೊಲ್ಲಾಪುರಕ್ಕೆ ಹೋಗಿಬರುವ ಜನ. ಆದರೂ ಆ ಸುದ್ದಿ ನಮ್ಮ ಕಿವಿಗೆ ಬೀಳಲಿಲ್ಲ. 2024ರಲ್ಲಿ ಅವರ ಬದುಕಿನ ಮೇಲೆ ಸಿನಿಮಾ ಬಂದ ನಂತರ ಊರಿನ ಹುಡುಗರು ಅವರ ಹೆಸರು ಹೇಳತೊಡಗಿದರು.

ಕನ್ನಡ ನಾಡಿನ ಹೆಸರುಗಳೂ ಹೀಗೇ ತಡವಾಗಿ ಬಂದವು. ಗಾಲಿಕುರ್ಚಿಯಲ್ಲಿ ಕೂತೇ ಓಟಕ್ಕೂ ಎಸೆತಕ್ಕೂ ಇಳಿದ ಮಾಲತಿ ಹೊಳ್ಳರಿಗೆ 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಕುಳ್ಳ ದೇಹದ ಕೆ.ವೈ. ವೆಂಕಟೇಶ್ 1994ರಲ್ಲೇ ಬರ್ಲಿನ್ನಿನ ವಿಶ್ವ ಕೂಟದಲ್ಲಿ ಭಾರತದ ಪರ ಆಡಿದವರು, ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ. 2012ರ ಲಂಡನ್‌ನಲ್ಲಿ ಹಾಸನ ಜಿಲ್ಲೆಯ ಗಿರೀಶ್ ಎತ್ತರ ಜಿಗಿದು ಬೆಳ್ಳಿ ತಂದಾಗ, ಆ ಕೂಟದಲ್ಲಿ ಇಡೀ ದೇಶಕ್ಕೆ ದಕ್ಕಿದ್ದು ಅದೊಂದೇ ಪದಕ. ಅಷ್ಟು ಹೊತ್ತಿಗೆ ನಮ್ಮ ಮನೆಗಳಲ್ಲಿ ಟಿ.ವಿ. ಇತ್ತು, ಗಿರೀಶರ ಮುಖ ನೋಡಿದೆವು. ಪೂರಾ ಓಟವನ್ನು ಕೂತು ನೋಡಿದ್ದು ಮಾತ್ರ ಅದಕ್ಕೂ ಹನ್ನೆರಡು ವರ್ಷ ಬಿಟ್ಟು, ಫೋನಿನಲ್ಲಿ.

2024ರ ಸೆಪ್ಟೆಂಬರ್, ಪ್ಯಾರಿಸ್. ಪುರುಷರ 400 ಮೀಟರ್, ಟಿ47 ವರ್ಗದ ಫೈನಲ್. ನಾಶಿಕ್ ಜಿಲ್ಲೆಯ ಆದಿವಾಸಿ ಊರಿನ ದಿಲೀಪ್ ಗಾವಿತ್ ಓಡುತ್ತಿದ್ದ, ಬಲಗೈ ಇಲ್ಲದ ಹುಡುಗ. ಹಿಂದಿನ ವರ್ಷ ಹಾಂಗ್‌ಝೌನ ಏಷ್ಯನ್ ಪ್ಯಾರಾ ಕೂಟದಲ್ಲಿ 49.48 ಸೆಕೆಂಡಿನಲ್ಲಿ ಚಿನ್ನ ಗೆದ್ದಿದ್ದ. ಆ ಓಟವನ್ನು ನಾನೂ ನನ್ನ ಹಳೇ ಕ್ಲಾಸ್‌ಮೇಟನೂ ಒಟ್ಟಿಗೇ ನೋಡಿದೆವು. ಅವನಿಗೀಗ ಮೊಮ್ಮಕ್ಕಳಿದ್ದಾರೆ, ಊರುಗೋಲಿದೆ. ಗಾವಿತ್ 49.99ರಲ್ಲಿ ಮುಗಿಸಿ ಎಂಟನೆಯವನಾಗಿ ಬಂದ. ಎಂಟು ಜನರಲ್ಲಿ ಎಂಟನೆಯವನು.

‘ಹೀಟಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚಿಗಿ ತಗೊಂಡಾನ. ಏನ್ ಮಾಡಿದ ಇವ!’ ಎಂದು ಗೆಳೆಯ ಸಿಟ್ಟಾದ.

‘ಅಲ್ಲೋ, ಪ್ಯಾರಿಸ್ಸಿನ ತನಕ ಹೋಗ್ಯಾನಲ್ಲ ಪಾಪ’ ಅಂದೆ ನಾನು.

‘ಪಾಪ ಯಾಕಂತಿ? ಅಂವಗ ಯಾರರೆ ಸೋಪಿನ ಡಬ್ಬಿ ಕೊಟ್ರೇನು? ಓಡ್ಯಾನ, ಎಂಟನೇದಾಂವ ಬಂದಾನ. ಮುಗೀತು.’

ಆಗಿಗೂ ಈಗಿಗೂ ಇರುವ ಫರಕು ಈ ಮಾತಿನಲ್ಲಿ ಬಂತೆಂದು ನನಗನ್ನಿಸುತ್ತದೆ. ಜನರ ಮನಸ್ಸು ದೊಡ್ಡದಾಗಿದೆ, ಹುಡುಗರಲ್ಲಿ ಛಲ ಬಂದಿದೆ ಎಂದು ಭಾಷಣದಲ್ಲಿ ಹೇಳುತ್ತಾರೆ. ಛಲ ಆಗಲೂ ಇತ್ತು, ಓಡುತ್ತೇನೆ ಎಂದು ಕೇಳಿದವನು ಇದ್ದನಲ್ಲ. ಇರದಿದ್ದದ್ದು ಜೋಡಿ ಹಚ್ಚುವವರು. ಅಂತರರಾಷ್ಟ್ರೀಯ ಪ್ಯಾರಾ ಓಟ ಮಾಡಿದ್ದು ಆ ಕೆಲಸವನ್ನು. ಟಿ ಅಂದರೆ ಟ್ರ್ಯಾಕ್. 11ರಿಂದ 13 ಕಣ್ಣಿನ ಊನ, 20 ಬುದ್ಧಿಯ ಊನ. 35ರಿಂದ 38ರವರು ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪಿದ್ದರೂ ನಿಂತು ಓಡುವವರು. 45ರಿಂದ 47 ಕೈ ಇಲ್ಲದವರು, 51ರಿಂದ 54 ಗಾಲಿಕುರ್ಚಿಯವರು, 61ರಿಂದ 64 ಕೃತಕ ಕಾಲಿನವರು. ದೇಹ ಎಷ್ಟು ಕಳೆದುಕೊಂಡಿದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದುಬಿಟ್ಟರೆ, ಗೆರೆಯ ಮೇಲೆ ನಿಂತ ಮೇಲೆ ಉಳಿಯುವುದು ಕಾಲಿನ ವೇಗ, ತಾಲೀಮು, ಅಂದಿನ ದಿನ. ಸೋತರೆ ಅದಕ್ಕೆ ಕೈ ಇಲ್ಲದಿರುವುದು ನೆಪವಾಗದು.

ಇದೇ ಟಿ47ರ 100 ಮೀಟರಿನ ರಾಜ ಬ್ರೆಜಿಲ್‌ನ ಪೆಟ್ರೂಸಿಯೊ ಫೆರೇರಾ. ರಿಯೊ, ಟೋಕಿಯೊ, ಪ್ಯಾರಿಸ್, ಮೂರೂ ಕಡೆ ಚಿನ್ನ. ಎರಡು ವರ್ಷದ ಕೂಸಿದ್ದಾಗ ದನದ ಮೇವು ಕತ್ತರಿಸುವ ಮಷಿನ್ನಿಗೆ ಎಡಗೈ ಸಿಕ್ಕಿ ಮೊಣಕೈ ಕೆಳಗಿನ ಭಾಗ ಹೋಯಿತು. ಕಣಿಕೆ ಮಷಿನ್ನಿನ ಸದ್ದು ಕೇಳುತ್ತ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಓಟದಲ್ಲಿ ಕೈಗೆ ದೊಡ್ಡ ಕೆಲಸವಿದೆ. ಬಗ್ಗಿ ನಿಂತಾಗ ಮೈಭಾರ ಎರಡು ಕೈಗೆ ಹಂಚಿಹೋಗಬೇಕು. ಒಂದೇ ಕೈ ನೆಲಕ್ಕೆ ಮುಟ್ಟಿದರೆ ಭುಜ ವಾಲುತ್ತದೆ, ಅದಕ್ಕೇ ಕೆಲವರು ಮೊಂಡುತೋಳಿನ ಕೆಳಗೆ ಪುಟ್ಟ ದಿಮ್ಮಿ ಇಟ್ಟುಕೊಳ್ಳುತ್ತಾರೆ. ಓಡುವಾಗ ಬಲಗಾಲು ಮುಂದೆ ಬಂದರೆ ಎಡಗೈ ಮುಂದೆ ಬರಬೇಕು, ಇಲ್ಲದಿದ್ದರೆ ಸೊಂಟ ತಿರುಚಿಕೊಳ್ಳುತ್ತದೆ. ಅಷ್ಟನ್ನೂ ಸಂಭಾಳಿಸಿಕೊಂಡು ಫೆರೇರಾ 2022ರಲ್ಲಿ ಓಡಿದ್ದು 10.29 ಸೆಕೆಂಡ್. ಎರಡೂ ಕೈಯಿರುವ ಭಾರತೀಯರ ರಾಷ್ಟ್ರೀಯ ದಾಖಲೆ 2016ರ ತನಕ 10.30 ಇತ್ತು. ಕರ್ನಾಟಕದ ಮಣಿಕಂಠ ಹೋಬಳಿದಾರ್ 2023ರಲ್ಲಿ ಬೆಂಗಳೂರಿನಲ್ಲಿ ಅದನ್ನು 10.23ಕ್ಕೆ ಇಳಿಸಿದರು, ಈಚೆಗೆ ಅದೂ ಮುರಿದಿದೆ. ‘ಪಾಪ’ ಅನ್ನುವವರು ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು.

ಕಣ್ಣಿಲ್ಲದವರ ಓಟ ಇನ್ನೂ ಬೇರೆ. ಟಿ11ರಲ್ಲಿ ಎಲ್ಲರ ಕಣ್ಣಿಗೂ ಪಟ್ಟಿ, ಮಸುಕಾಗಿ ಬೆಳಕು ಕಾಣುವವನಿಗೂ ಅದು ಲಾಭವಾಗಬಾರದೆಂದು. ಓಟಗಾರನ ಕೈಗೂ ಜೊತೆಗಾರನ ಕೈಗೂ ಗೇಣುದ್ದದ ಕುಣಿಕೆ. ಒಬ್ಬೊಬ್ಬರಿಗೆ ಎರಡೆರಡು ಲೇನ್ ಬೇಕಾದ್ದರಿಂದ ಎಂಟು ಲೇನಿನಲ್ಲಿ ಓಡುವುದು ನಾಲ್ಕೇ ಜೋಡಿ. ಜೊತೆಗಾರ ಎಳೆಯುವಂತಿಲ್ಲ, ಗೆರೆಯನ್ನು ತಾನೇ ಮೊದಲು ದಾಟುವಂತಿಲ್ಲ. ಆದರೆ ವೇಗದಲ್ಲಿ ಓಟಗಾರನಿಗಿಂತ ಒಂದು ಕೈ ಮೇಲಿರಬೇಕು. ಚಿಕ್ಕಮಗಳೂರಿನ ರಕ್ಷಿತಾ ರಾಜು ಪ್ಯಾರಿಸ್ಸಿನ 1500 ಮೀಟರಿಗೆ ಹೋದದ್ದು ರಾಹುಲ್ ಬಾಲಕೃಷ್ಣ ಅವರ ಜೊತೆ. ಗಂಡಸರಲ್ಲಿ ನಮ್ಮ ರಾಜ್ಯದ ಶರತ್ ಮಾಕನಹಳ್ಳಿ ಹಾಂಗ್‌ಝೌನಲ್ಲಿ ಟಿ13ರ 5000 ಮೀಟರ್ ಚಿನ್ನ ಗೆದ್ದರು. ಅವು ದೂರದ ಓಟಗಳು. ಬಿರುಸಿನ ಓಟದಲ್ಲಿ ಭಾರತದ ಗಂಡಸರಿಗೆ ಪ್ಯಾರಾಲಿಂಪಿಕ್ ಪದಕ ಇನ್ನೂ ಬಂದಿಲ್ಲ. ಪ್ಯಾರಿಸ್ಸಿನಲ್ಲಿ ಟ್ರ್ಯಾಕಿನ ಪದಕ ತಂದವರೆಲ್ಲ ಹೆಣ್ಣುಮಕ್ಕಳು: ಪ್ರೀತಿ ಪಾಲ್, ಸಿಮ್ರನ್ ಶರ್ಮಾ, ದೀಪ್ತಿ ಜೀವನಜಿ. 2025ರಲ್ಲಿ ದೆಹಲಿಯಲ್ಲೇ ನಡೆದ ವಿಶ್ವ ಕೂಟದಲ್ಲಿ ಸಂದೀಪ್ ಎಂಬವರು ಟಿ44ರ 200 ಮೀಟರಿನಲ್ಲಿ ಕಂಚು ಗೆದ್ದು ಬಾಗಿಲು ತುಸು ಸರಿಸಿದ್ದಾರೆ.

ಈ ಓಟಗಾರರನ್ನು ದೇವರು ಮಾಡಿ ಕೂರಿಸುವುದೂ ಬೇಡ. ಎರಡೂ ಕಾಲಿಗೆ ಕಾರ್ಬನ್ ಬ್ಲೇಡ್ ಕಟ್ಟಿಕೊಂಡ ಆಸ್ಕರ್ ಪಿಸ್ಟೋರಿಯಸ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಸೆಮಿಫೈನಲ್ ಓಡಿದಾಗ ಅವನ ಚಿತ್ರ ನಮ್ಮ ಸಲೂನಿನ ಗೋಡೆಗೂ ಬಂದಿತ್ತು. ಮರುವರ್ಷ ಫೆಬ್ರುವರಿಯಲ್ಲಿ ಗೆಳತಿಯನ್ನು ಗುಂಡಿಕ್ಕಿ ಕೊಂದ. ಚಿತ್ರ ಇಳಿಯಿತು. ಮೋಸದ ಆಟಗಳೂ ಇಲ್ಲಿವೆ. 2000ದ ಸಿಡ್ನಿಯಲ್ಲಿ ಬುದ್ಧಿಯ ಊನದವರ ಬಾಸ್ಕೆಟ್‌ಬಾಲ್ ಗೆದ್ದ ಸ್ಪೇನ್ ತಂಡದ 12 ಜನರಲ್ಲಿ 10 ಜನಕ್ಕೆ ಊನವೇ ಇರಲಿಲ್ಲ. ಟೋಕಿಯೊದಲ್ಲಿ ಡಿಸ್ಕಸ್ ಎಸೆದ ನಮ್ಮ ದೇಶದವರೊಬ್ಬರ ಕಂಚು, ಅವರು ಆ ವರ್ಗಕ್ಕೆ ಸೇರುವವರಲ್ಲ ಎಂದು ಮರುದಿನ ತೀರ್ಮಾನವಾಗಿ ಕೈಬಿಟ್ಟಿತು. ಎಲ್ಲಿ ಅಳತೆ ಇದೆಯೋ ಅಲ್ಲಿ ಅಳತೆಗೆ ತಕ್ಕಂತೆ ಮೈ ಬಗ್ಗಿಸುವವರೂ ಇರುತ್ತಾರೆ. ಇದು ನಮ್ಮ ಕಡೆಯವರಿಗೆ ಹೊಸದಲ್ಲ. ಸರ್ಟಿಫಿಕೇಟಿನಲ್ಲಿ ಶೇಕಡಾ 40 ಬಂದರೆ ಮಾಸಾಶನ, 75 ದಾಟಿದರೆ ಜಾಸ್ತಿ. ಡಾಕ್ಟರರ ಮುಂದೆ ಒಂದು ಹೆಜ್ಜೆ ಹೆಚ್ಚೇ ಕುಂಟಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ಬಡತನ ಹಾಗೆ ನಡೆಸುತ್ತದೆ.

ಆದರೆ ಆ ಶೇಕಡಾವಾರು ಟ್ರ್ಯಾಕಿನಲ್ಲಿ ನಡೆಯುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮಾಸಾಶನದ ಅಳತೆ ಎಷ್ಟು ಕಮ್ಮಿ ಇದೆ ಎಂದು ಕೇಳುತ್ತದೆ. ಓಟದ ಅಳತೆ, ಆ ಕಮ್ಮಿಯಿಂದ ಓಡುವುದಕ್ಕೆ ಎಷ್ಟು ಅಡ್ಡಿ ಎಂದು ಕೇಳುತ್ತದೆ. ಆ ಎರಡನೆಯದನ್ನು ಅಳೆಯಲು ತರಬೇತಾದ ಜನ ಬೇಕು. ಮೊದಲು ದೇಶದ ಮಟ್ಟದಲ್ಲಿ ವರ್ಗ ಸಿಗಬೇಕು, ಹೊರದೇಶದ ಕೂಟಕ್ಕಾದರೆ ಮತ್ತೆ ಅಲ್ಲಿನವರ ಮುಂದೆ ಮೈ ತೋರಿಸಬೇಕು. ನಮ್ಮ ಭಾಗದ ಅಂಗವಿಕಲ ಹುಡುಗರ ಕೈಯಲ್ಲಿ ಇವತ್ತು ಯುಡಿಐಡಿ ಕಾರ್ಡ್ ಇದೆ, ಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತ ಇದ್ದಾನೆ, 2016ರ ಕಾಯ್ದೆಯ ನಂತರ ಕೇಂದ್ರದ ನೌಕರಿಯಲ್ಲಿ ಶೇಕಡಾ 4 ಮೀಸಲಾತಿ ಇದೆ. ಇವೆಲ್ಲ ನಮ್ಮ ಕಾಲಕ್ಕೆ ಕನಸಿನಲ್ಲೂ ಇರಲಿಲ್ಲ. ಆಟದ ವಿಷಯಕ್ಕೆ ಬಂದರೆ ಡಿಸೆಂಬರ್ 3ರ ಅಂಗವಿಕಲರ ದಿನದಂದು ಸಂಗೀತಕುರ್ಚಿ, ಲಿಂಬಿಹಣ್ಣು-ಚಮಚ, ಕೊನೆಗೆ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ. ಸೋಪಿನ ಡಬ್ಬಿ ಸ್ಟೀಲಿನದಾಗಿದೆ, ಅಷ್ಟೇ.

ಪೊಲೀಸ್ ಭರ್ತಿಗೆಂದು, ಸೈನ್ಯಕ್ಕೆಂದು ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಓಡುವ ಹುಡುಗರ ಗುಂಪು ಈಗ ಪ್ರತಿ ಊರಲ್ಲೂ ಇದೆ. ನಮ್ಮೂರಿನ ಗುಂಪಿನಲ್ಲಿ ಒಬ್ಬ ಹೈಸ್ಕೂಲ್ ಹುಡುಗನಿಗೆ ಬಲಗೈ ಮುಂಗೈಯಿಂದ ಕೆಳಗಿಲ್ಲ. ಪೊಲೀಸಿಗೂ ಸೈನ್ಯಕ್ಕೂ ತನ್ನನ್ನು ತಗೊಳ್ಳುವುದಿಲ್ಲ ಎಂದು ಗೊತ್ತಿದ್ದೂ ಓಡುತ್ತಾನೆ, ಅನೇಕರನ್ನು ಹಿಂದೆ ಹಾಕುತ್ತಾನೆ. ಅವನಪ್ಪ ಲಿಂಬಿ ತೋಟದ ರೈತ. ಈ ವರ್ಗದ ವಿಷಯವನ್ನೆಲ್ಲ ನಾನೂ ನನ್ನ ಗೆಳೆಯನೂ ಕೂಡಿ ಆ ಅಪ್ಪನಿಗೆ ತಿಳಿಸಿ ಹೇಳಿದೆವು. ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ: ‘ಕಾಕಾ, ಇದರಾಗ ನೌಕರಿ ಐತೇನ್ರಿ?’

‘ಪದಕ ತಂದ್ರ ಐತಿ. ಎಂಟನೇದಾಂವ ಬಂದ್ರ ಇಲ್ಲ’ ಅಂದ ನನ್ನ ಗೆಳೆಯ.

ಅಪ್ಪ ಒಂದು ಗಳಿಗೆ ಲೆಕ್ಕ ಹಾಕಿದ. ‘ಹಂಗಾದ್ರ ಉಳಿದ ಹುಡುಗರ ಹಣೆಬರಹನೂ ಅದ ಆತಲ್ರಿ’ ಅಂದ. ಫಾರ್ಮು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಲು ಶುರುಮಾಡಿದ.