ಕಾಡು, ನಾಟಕ, ಲೆಕ್ಕದ ಪುಸ್ತಕ

ಸಾಗರದ ಸುತ್ತಿನ ಹಳ್ಳಿಗಳಲ್ಲಿ ಎಪ್ಪತ್ತರ ದಶಕದಲ್ಲಿ ಬೆಳೆದವರಿಗೆ ಕಾಡು, ನಾಟಕ, ಚಳವಳಿ ಬೇರೆ ಬೇರೆ ಆಗಿರಲಿಲ್ಲ. ಮೂರಕ್ಕೂ ಓಡಾಡುತ್ತಿದ್ದವರು ಅದೇ ಹತ್ತಿಪ್ಪತ್ತು ಜನ. ಬೆಳಗ್ಗೆ ಸೊಪ್ಪಿನ ಬೆಟ್ಟದಲ್ಲಿ ಒಣಗಿದೆಲೆಯ ದರಕು ಗುಡಿಸಿದವನೇ ರಾತ್ರಿ ತಾಲೀಮಿಗೆ ಗ್ಯಾಸ್‌ಲೈಟ್ ಹಚ್ಚುತ್ತಿದ್ದ. ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಜಗಳ ತೆಗೆಯುತ್ತಿದ್ದವನೂ ಅವನೇ. ಇದರಿಂದೆಲ್ಲ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದು ಯಾರಾದರೂ ಹೇಳಿದ್ದು ನನಗೆ ನೆನಪಿಲ್ಲ. ಕಾಡಿಗೆ ಹೋಗುತ್ತಿದ್ದುದು ಸೊಪ್ಪಿಗೆ, ನಾಟಕಕ್ಕೆ ಹೋಗುತ್ತಿದ್ದುದು ಬೆಂಚು ಹೊರಲು. ಈಗ ಅದೇ ಊರುಗಳ ಹೋಂಸ್ಟೇ ಬೋರ್ಡುಗಳ ಮೇಲೆ ‘ಪ್ರಕೃತಿಯ ಮಡಿಲಲ್ಲಿ ನೆಮ್ಮದಿ’ ಎಂದು ಬರೆದಿರುತ್ತದೆ, ಕೆಳಗೆ ಫೋನ್ ನಂಬರು.

ಕಾಲವೇನೂ ಆಗ ಒಳ್ಳೆಯದಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದ್ದವು. ‘ಮುಳುಗಡೆಯವರು’ ಎಂದು ಕರೆಸಿಕೊಳ್ಳುವ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದರು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ನಮ್ಮೂರ ಮಟ್ಟಿಗೆ ಅದು ಮೊದಲು ಗೊತ್ತಾದದ್ದು ಚಹಾದಂಗಡಿಯಲ್ಲಿ. ಪೇಪರನ್ನು ನಾಲ್ಕು ಜನಕ್ಕೆ ಕೇಳುವಂತೆ ಓದುತ್ತಿದ್ದವರು ಮನಸ್ಸಿನಲ್ಲೇ ಓದಿ ಮಡಚಿಡತೊಡಗಿದರು. ‘ಸಂಸ್ಕಾರ’ ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿದ್ದು, ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಸುದ್ದಿ ನಮಗೆ ಬಾಯಿಂದ ಬಾಯಿಗೆ ಬಂತು.

ಹಾಗೆಂದು ಆ ದಿನಗಳನ್ನು ಬರೀ ಕತ್ತಲೆ ಎಂದು ಬರೆದುಬಿಟ್ಟರೆ ಅರ್ಧ ಸುಳ್ಳು ಹೇಳಿದಂತೆ. ಗೇಣಿ ಅಳೆಯುವ ಕೊಳಗದ ಮೋಸದ ವಿರುದ್ಧ 1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ನಮ್ಮ ತಾಲೂಕಿನ ಮಕ್ಕಳಿಗೆಲ್ಲ ಗೊತ್ತಿದ್ದ ಕಥೆ. ಅದರ ಫಲ ಕೈಗೆ ಬಂದದ್ದು ದೇವರಾಜ ಅರಸು ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದ ಮೇಲೆ. ಭೂ ನ್ಯಾಯಮಂಡಳಿಗಳು ಚುರುಕಾಗಿ ಕೂತದ್ದು ಇದೇ ತುರ್ತುಪರಿಸ್ಥಿತಿಯ ವರ್ಷಗಳಲ್ಲಿ. ನಮ್ಮ ಮನೆಯ ಗೇಣಿಗದ್ದೆ ಹೋಯಿತು. ಅಪ್ಪ ಸಾಗರದಿಂದ ಬಂದು ಜಗಲಿಯಲ್ಲಿ ಕೂತವರು ಯಾರೊಂದಿಗೂ ಮಾತಾಡಲಿಲ್ಲ. ಗದ್ದೆ ಸಿಕ್ಕವರ ಮನೆಯಲ್ಲಿ ಅವತ್ತು ಹಬ್ಬದಡುಗೆ. ಕಾಲ ಕೆಟ್ಟಿದೆ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ, ಇವರು ಯಾವ ಜಗಲಿಯಲ್ಲಿ ಕೂತು ಹೇಳುತ್ತಿದ್ದಾರೆ ಎಂದು ನಾನು ಇವತ್ತಿಗೂ ನೋಡುತ್ತೇನೆ.

ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಂ, 1949ರಲ್ಲೇ ಹುಟ್ಟಿತ್ತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ಮನುಷ್ಯ. 1973ರಲ್ಲಿ ಚಿತ್ರಸಮಾಜ ಶುರುವಾಯಿತು. ಕೊನೆಕೊಯ್ಲು, ಅಡಿಕೆ ಸುಲಿತ ಎಂದು ಓಡಾಡುತ್ತಿದ್ದ ಜನ ಸತ್ಯಜಿತ್ ರಾಯ್, ಕುರೋಸಾವಾ ಸಿನಿಮಾ ನೋಡಿದರು. ‘ರಶೋಮನ್’ ನೋಡಿ ನಡೆದು ಬರುವಾಗ ದಾರಿಯುದ್ದಕ್ಕೂ ವಾದ: ಕೊಲೆ ಹೇಗಾಯಿತು, ಯಾರು ಹೇಳಿದ್ದು ನಿಜ? ನಮ್ಮ ಜೊತೆಗಿದ್ದ ಕೊನೆಗಾರನೊಬ್ಬ ಕೊನೆಗೆ ಹೇಳಿದ: ‘ಸತ್ತವನೂ ಸುಳ್ಳು ಹೇಳ್ತಾನಲ್ಲ ಮಾರಾಯಾ!’ ಅಚ್ಚಾದದ್ದನ್ನೆಲ್ಲ ನಂಬುತ್ತಿದ್ದ ನಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಪಾಠ ಯಾವ ಶಾಲೆಯಲ್ಲೂ ಸಿಗುವಂತಿರಲಿಲ್ಲ.

ಹೆಗ್ಗೋಡಿನ ಗಾಳಿ ಸುತ್ತಲಿನ ಊರುಗಳಿಗೂ ಬೀಸಿತು. ನಮ್ಮಲ್ಲೂ ಒಂದು ನಾಟಕ ಸಂಘವಾಯಿತು. ಅದರಲ್ಲಿ ಒಳ್ಳೆಯ ನಟರು ಇಬ್ಬರೋ ಮೂವರೋ. ಒಳ್ಳೆಯ ಖಜಾಂಚಿ ಮಾತ್ರ ಒಬ್ಬರಿದ್ದರು. ನಾಟಕದ ಮಾರನೆಯ ದಿನ ದೇವಸ್ಥಾನದ ಕಟ್ಟೆಯ ಮೇಲೆ ಲೆಕ್ಕ ಓದುತ್ತಿದ್ದರು: ಪರದೆಯ ಬಾಡಿಗೆ, ಬಣ್ಣ, ಸೀಮೆಎಣ್ಣೆ, ಚಹಾಪುಡಿ. ಬೆಲ್ಲ ಇಷ್ಟೇಕೆ ಖರ್ಚಾಯಿತು ಎಂದು ಒಬ್ಬ ಕೇಳಿದರೆ ಅಲ್ಲಿಗೆ ಒಂದು ತಾಸು ಹೋಗುತ್ತಿತ್ತು. ನಮಗೆ ಅದು ತಲೆನೋವು. ಆದರೆ ಎದುರಿಗೆ ಕೂತವನನ್ನು ಪ್ರಶ್ನೆ ಕೇಳುವುದು, ಕೇಳಿಸಿಕೊಂಡವನು ಸಿಟ್ಟಾಗದೆ ಉತ್ತರ ಕೊಡುವುದು, ಮಾರನೆಯ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು, ಇದನ್ನು ನಾವು ಕಲಿತದ್ದು ಆ ಕಟ್ಟೆಯ ಮೇಲೆ.

ಆ ಕಲಿಕೆ ಕೆಲಸಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಹತ್ತಿರ, ಕಳಸೆ ಕಾಡಿನಲ್ಲಿ, ಮರ ಕಡಿಯಲು ಬಂದವರ ಎದುರು ಊರಿನ ಗಂಡಸರು, ಹೆಂಗಸರು, ಮಕ್ಕಳು ಮರಗಳನ್ನು ಅಪ್ಪಿ ನಿಂತರು. ಅಲ್ಲಿನ ಯುವಕ ಮಂಡಳಿ ಮುಂದೆ ನಿಂತಿತ್ತು, ಪಾಂಡುರಂಗ ಹೆಗಡೆಯವರು ಜೊತೆಗಿದ್ದರು, ಹಿಮಾಲಯದ ಚಿಪ್ಕೊ ಕಥೆಯನ್ನು ಸುಂದರಲಾಲ್ ಬಹುಗುಣರು ಬಂದು ಹೇಳಿದ್ದರು. ಕಾವಲು 38 ದಿನ ನಡೆಯಿತು. ಅಪ್ಪಿಕೊ ಚಳವಳಿ ಊರಿಂದೂರಿಗೆ ಹರಡಿದ್ದು ಭಾಷಣದಿಂದಲ್ಲ, ಬೀದಿನಾಟಕ, ಯಕ್ಷಗಾನ, ಹಾಡುಗಳಿಂದ. ನಾಟಕದ ಗ್ಯಾಸ್‌ಲೈಟು, ಬೆಂಚುಗಳೇ ಅಪ್ಪಿಕೊ ಸಭೆಗೂ ಹೋದವು. ಖರ್ಚು ಅದೇ ಪುಸ್ತಕದಲ್ಲಿ ಬೇರೆ ತಲೆಬರಹದಡಿ ಬಂತು. ‘ಉಳಿಸು, ಬೆಳೆಸು, ಬಳಸು’ ಎಂಬ ಚಳವಳಿಯ ಮೂರು ಮಾತಿನಲ್ಲಿ ಮೂರನೆಯದನ್ನು ಈಗಿನ ಪೋಸ್ಟರುಗಳು ಬಿಟ್ಟುಬಿಡುತ್ತವೆ. ನಮಗೆ ಮುಖ್ಯವಾಗಿದ್ದದ್ದು ಅದೇ.

ಯಾಕೆಂದರೆ ಸ್ವಾರ್ಥವಿತ್ತು. ಘಟ್ಟದ ಮೇಲಿನ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕಿತ್ತು. ಬೆಟ್ಟ ಬೋಳಾದರೆ ತೋಟಕ್ಕೆ ಗೊಬ್ಬರವಿಲ್ಲ, ಹಳ್ಳಕ್ಕೆ ನೀರಿಲ್ಲ. ಮರ ಅಪ್ಪಿದವರಲ್ಲಿ ತೋಟವಿದ್ದವರೂ ಬೇಕಾದಷ್ಟು ಜನ. ತೋಟವೂ ಇಲ್ಲದೆ, ಬೆಟ್ಟವೂ ಇಲ್ಲದೆ, ಕಟ್ಟಿಗೆ ಹೊರೆ ಮಾರಿ ಬದುಕುತ್ತಿದ್ದವನನ್ನು ನಾವು ಕಾಡುಗಳ್ಳ ಎಂದು ಕರೆದೆವು. ನಾಟಕ ಸಂಘದ ಸಮಿತಿಯಲ್ಲೂ ಬೆಂಚು ಹೊತ್ತವರ ಹೆಸರಿಲ್ಲ. ಹೆಂಗಸರ ಹೆಸರಂತೂ ಒಂದೂ ಇಲ್ಲ. ಹೆಣ್ಣಿನ ಪಾತ್ರವನ್ನೂ ಮೀಸೆ ಬೋಳಿಸಿಕೊಂಡ ಗಂಡಸರೇ ಮಾಡುತ್ತಿದ್ದರು. ರಾತ್ರಿ ಮೂರು ಗಂಟೆಗೆ ಐವತ್ತು ಜನಕ್ಕೆ ಅವಲಕ್ಕಿ ಕಲಸುತ್ತಿದ್ದವರು ಯಾರು ಎಂದು ಲೆಕ್ಕದ ಪುಸ್ತಕವೂ ಹೇಳುವುದಿಲ್ಲ. ಹಳೆಯ ಕಾಲವನ್ನು ಹೊಗಳುವವರು ಈ ಪುಟವನ್ನು ಹಾರಿಸಿ ಓದುತ್ತಾರೆ.

ಈಗಿನ ಕಷ್ಟಗಳ ಬಗೆ ಬೇರೆ. 2018–19ರಲ್ಲಿ ನಮ್ಮದೇ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡಿತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ರೋಗ ಅದು; ಹರಡುವುದು ಉಣುಗಿನಿಂದ. ದರಕು ತರಲು ಹೋಗುವವರು ಕೈಕಾಲಿಗೆ ಉಣುಗು ತಡೆಯುವ ಡೆಪಾ ತೈಲ ಹಚ್ಚಿಕೊಂಡು ಹೋದರು. ಸತ್ತ ಮಂಗ ಕಂಡರೆ ಊರಿಡೀ ಬೆಟ್ಟದ ಕಡೆ ಮುಖ ಹಾಕಲಿಲ್ಲ. ಮರುವರ್ಷ ಕೊರೊನಾ ಬಂದು ರಂಗಮಂದಿರಗಳಿಗೂ ಬೀಗ ಬಿತ್ತು. ಆಮೇಲೆ ತೋಟಕ್ಕೆ ಎಲೆಚುಕ್ಕಿ ರೋಗ. ಹೆಡಲು ಒಣಗಿ ಜೋತ ಮರದ ಕೆಳಗೆ ನಿಂತವನಿಗೆ ಪ್ರಕೃತಿಯೇ ದೇವರು ಎಂದು ಯಾರಾದರೂ ಹೇಳಿದರೆ ಅವನು ಸೌಜನ್ಯಕ್ಕಾದರೂ ಸುಮ್ಮನಿರುತ್ತಾನೆ.

ನದಿಯ ಪ್ರಶ್ನೆಯೂ ಮುಗಿದಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಈಗ ಶರಾವತಿ ಪಂಪ್ಡ್ ಸ್ಟೋರೇಜ್: 2000 ಮೆಗಾವಾಟ್, ಕೆಳಗಿನ ಗೇರುಸೊಪ್ಪದ ನೀರನ್ನು ಮೇಲಿನ ತಳಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ ಯೋಜನೆ. ಎತ್ತಲು ಬೇಕಾಗುವ ವಿದ್ಯುತ್ತು ಇಳಿಸಿದಾಗ ಬರುವುದಕ್ಕಿಂತ ಹೆಚ್ಚು. ಸುರಂಗ ಹೋಗುವುದು ಸಿಂಗಳೀಕಗಳ ಅಭಯಾರಣ್ಯದ ಒಡಲಿನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆಗಳಾದಾಗ ಆಕ್ಷೇಪಣೆ ಬರೆದವರಲ್ಲಿ ನಮ್ಮೂರ ಹುಡುಗಿಯೊಬ್ಬಳಿದ್ದಳು. ಯೋಜನಾ ವರದಿಯನ್ನು ಫೋನಿನಲ್ಲೇ ಓದಿ, ಪುಟಸಂಖ್ಯೆ ಸಮೇತ ತಕರಾರು ಗುರುತು ಹಾಕಿಕೊಂಡಿದ್ದಳು. ನಮ್ಮ ಕಾಲದಲ್ಲಿ ವರದಿ ಎಂಬುದು ಇದೆಯೆಂದು ತಿಳಿಯುವಷ್ಟರಲ್ಲಿ ಅಣೆಕಟ್ಟೆ ಎದ್ದಿರುತ್ತಿತ್ತು. ನಾವು ಘೋಷಣೆ ಕೂಗಿದೆವು, ಇವಳು ಕಾಗದ ಓದಿದಳು. ಯಾವುದು ಹೆಚ್ಚು ಕಷ್ಟದ ಕೆಲಸ ಎಂದು ನನಗೆ ಸಂಶಯವಿಲ್ಲ.

ಹೊಸದೆಲ್ಲ ಹಾಳು ಎನ್ನುವವರು ತುಮರಿಗೆ ಹೋಗಿ ಬರಬೇಕು. ಅಣೆಕಟ್ಟೆಯ ಹಿನ್ನೀರಿನಿಂದ ದ್ವೀಪದಂತಾದ ಆ ಕಡೆಯ ಜನ ದಶಕಗಟ್ಟಲೆ ಲಾಂಚಿಗೆ ಕಾದರು, ಸೇತುವೆಗಾಗಿ ಅರ್ಜಿ ಕೊಟ್ಟರು, ನಡೆದರು, ಕೂತರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಾಂಚಿನ ಮಜಾ ಹೋಯಿತಲ್ಲ ಎಂದು ಪ್ರವಾಸಿಗಳು ಬೇಸರಪಟ್ಟರು. ಲಾಂಚು ನಿಂತ ಮೇಲೆ, ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಕಾದ ಮನೆಯವರಿಗೆ ಆ ಬೇಸರವಿಲ್ಲ.

ಹೆಗ್ಗೋಡಿನಲ್ಲಿ ಕೆಲಸ ನಿಂತಿಲ್ಲ. ಸುಬ್ಬಣ್ಣ 2005ರಲ್ಲಿ ಹೋದರು. 1985ರಲ್ಲಿ ಹೊರಟ ನೀನಾಸಂ ತಿರುಗಾಟ ಅವರ ನಂತರವೂ ನಾಟಕ ಹೊತ್ತು ಊರೂರು ಸುತ್ತಿತು. ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ದಲ್ಲಿ 1996ರಿಂದ ಹಳ್ಳಿಯ ಹೆಂಗಸರು ನೇಯ್ದು, ಬಣ್ಣ ಕಟ್ಟಿ, ಸಂಪಾದಿಸಿದರು. ನಮ್ಮ ಸಂಘದ ಸಮಿತಿಯಲ್ಲಿ ಸಿಗದ ಕುರ್ಚಿ ಅಲ್ಲಿ ಹೆಂಗಸರಿಗೆ ಸಿಕ್ಕಿತು. ಈ ಎರಡೂ ಜಾಗಗಳು ಇಷ್ಟು ವರ್ಷ ಉಳಿದದ್ದರಲ್ಲಿ ಉತ್ಸಾಹಕ್ಕಿಂತ ವ್ಯವಸ್ಥೆಯ ಪಾಲು ದೊಡ್ಡದು: ನಾಳೆ ಬೆಳಗ್ಗೆ ಯಾರು ಬಾಗಿಲು ತೆಗೆಯಬೇಕು ಎಂದು ಮೊದಲೇ ನಿಗದಿಯಾಗಿರುವ ವ್ಯವಸ್ಥೆ.

ನಮ್ಮೂರಲ್ಲಿ ಕಳೆದುಹೋದದ್ದು ಆ ವ್ಯವಸ್ಥೆ. ಕಾಡು ಇದೆ, ನಾಟಕ ನೋಡುವವರೂ ಇದ್ದಾರೆ, ನದಿಗಾಗಿ ವಾಟ್ಸ್ಯಾಪ್ ಗುಂಪೂ ಇದೆ. ಆದರೆ ಕಾಡಿಗೆ ಹೋಗುವವನು ನಾಟಕದವನಿಗೆ ಗೊತ್ತಿಲ್ಲ, ನಾಟಕದವನು ನದಿಯ ಸಭೆಗೆ ಬರುವುದಿಲ್ಲ. ಗುಂಪಿನಲ್ಲಿ ಒಬ್ಬ ಪ್ರಶ್ನೆ ಕೇಳಿದರೆ ಇನ್ನೊಬ್ಬ ಗುಂಪು ಬಿಟ್ಟುಹೋಗುತ್ತಾನೆ. ಮಾರನೆಯ ದಿನ ಒಂದೇ ಪಂಕ್ತಿಯಲ್ಲಿ ಕೂರುವ ಪ್ರಸಂಗವೇ ಬರುವುದಿಲ್ಲ. ಕಾಲ ಕೆಟ್ಟಾಗ ಬದುಕಿಗೆ ಅರ್ಥ ಕೊಡುವುದು ಚಂದದ ಬೆಟ್ಟವೋ ಒಳ್ಳೆಯ ನಾಟಕವೋ ಅಲ್ಲ. ಅವುಗಳ ಸಲುವಾಗಿ ಇನ್ನೊಬ್ಬರೊಡನೆ ಒಪ್ಪಿಕೊಂಡ ಕೆಲಸ. ಕೆಲಸ ಒಪ್ಪಿಕೊಂಡವನಿಗೆ ಬೇಸರ ಬಂದರೂ ಮನೆಯಲ್ಲಿ ಕೂರುವಂತಿಲ್ಲ.

ಆಕ್ಷೇಪಣೆ ಬರೆದ ಆ ಹುಡುಗಿ ಈಗ ನಮ್ಮ ಹಳೆಯ ಸಂಘವನ್ನು ಮತ್ತೆ ಶುರು ಮಾಡಿದ್ದಾಳೆ. ನಾಟಕಕ್ಕೆ ಒಂದು ದಿನ, ಅಹವಾಲು ಕಾಗದ ಓದಲು ಒಂದು ದಿನ. ನಟರಾಗಲು ಹೆಸರು ಕೊಟ್ಟವರು ಬಹಳ, ಭಾಷಣಕ್ಕೂ ಜನ ಇದ್ದಾರೆ. ಖಜಾಂಚಿ ಮಾತ್ರ ಇನ್ನೂ ಸಿಕ್ಕಿಲ್ಲ. ಕೂಡಿಸಿ ಕಳೆಯಲು ಬರಬೇಕು, ಬೆಲ್ಲದ ಲೆಕ್ಕ ಕೇಳಿದರೆ ಸಿಟ್ಟಾಗಬಾರದು, ಅಷ್ಟೇ ಅರ್ಹತೆ.