ಒಂದೇ ಈಡು

ಕೋವಿ ಬಗ್ಗೆ ಬರೀತೀನಿ ಅಂದ ತಕ್ಷಣ ಹೆದರಬೇಡಿ. ನಾನು ಇಲ್ಲಿವರೆಗೆ ಗುಂಡು ಹೊಡೆದಿರೋದು ಜಾತ್ರೆಯ ಬಲೂನಿಗೆ ಮಾತ್ರ :-)

ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನ ಓದಿಕೊಂಡು ಬೆಳೆದವರಿಗೆ ಆಂಡರ್ಸನ್ನನ .405 ವಿಂಚೆಸ್ಟರ್ ಕೂಡ ಹುಲಿಯಷ್ಟೇ ದೊಡ್ಡ ಪಾತ್ರ. ಅದು 1895ರ ಮಾದರಿ, ಲಿವರ್ ಆಡಿಸಿದರೆ ಮ್ಯಾಗಜೀನಿನಿಂದ ಮುಂದಿನ ತೋಟಾ ಬಂದು ಕೂರುತ್ತೆ. ಅದೇ ತೋಟಾ ಹಾಕೋ ಇನ್ನೊಂದು ರೈಫಲ್ಲೂ ಬಂದಿದೆ, ಅಮೆರಿಕದ ರೂಗರ್ ನಂಬರ್ 1. ಅದಕ್ಕೆ ಮ್ಯಾಗಜೀನೇ ಇಲ್ಲ! ಒಂದು ತೋಟಾ, ಒಂದೇ ಈಡು.

ಎಲ್ಲರೂ ನಾಲ್ಕೈದು ತೋಟಾ ಹಿಡಿಸೋ ರೈಫಲ್ ಕೊಳ್ತಿದ್ದ 1967ರಲ್ಲಿ ಬಿಲ್ ರೂಗರ್ ಇದನ್ನ ಮಾರುಕಟ್ಟೆಗೆ ಬಿಟ್ಟ. ಮೂಲ ಸ್ಫೂರ್ತಿ 1872ರಲ್ಲಿ ಸ್ಕಾಟ್ಲೆಂಡಿನ ಜಾನ್ ಫಾರ್ಕರ್ಸನ್ ಪೇಟೆಂಟ್ ಮಾಡಿದ್ದ ವಿನ್ಯಾಸ. ಟ್ರಿಗರ್ ಹತ್ತಿರದ ಲಿವರನ್ನ ಕೆಳಗೆ ಎಳೆದರೆ ನಳಿಗೆಯ ಹಿಂದಿರೋ ಉಕ್ಕಿನ ದಿಮ್ಮಿ ನೇರ ಕೆಳಗಿಳಿಯುತ್ತೆ. ತೋಟಾ ಕೈಯಲ್ಲೇ ತೂರಿಸಿ ಲಿವರ್ ಎತ್ತಿದರೆ ದಿಮ್ಮಿ ಮೇಲೆ ಬಂದು ಬಾಗಿಲು ಹಾಕುತ್ತೆ. ಅಷ್ಟೇ! ಹಿಂದೆ ಮುಂದೆ ಓಡಾಡೋ ಬೋಲ್ಟ್ ಇಲ್ಲದ್ದರಿಂದ ನಳಿಗೆ ಉದ್ದ ಇದ್ದರೂ ಕೋವಿ ಗಿಡ್ಡ. .405ರ ಬುಡದಲ್ಲಿರೋ ಅಂಚು ಇಲ್ಲಿ ಸರಿಯಾಗಿ ಕೆಲಸಕ್ಕೆ ಬರುತ್ತೆ, ಖಾಲಿ ತೋಟಾ ಹೊರಗೆಳೆಯೋಕೆ ಒಳ್ಳೆ ಹಿಡಿತ.

ಈ ತೋಟಾ ಬಂದಿದ್ದು 1904ರಲ್ಲಿ. 300 ಗ್ರೇನ್, ಅಂದರೆ ಸುಮಾರು 19.5 ಗ್ರಾಂ ಗುಂಡು. ವೇಗ ಸೆಕೆಂಡಿಗೆ 2,200 ಅಡಿ. ಅರ್ಧ ಎಂ ವಿ ಸ್ಕ್ವೇರ್ ಹಾಕಿ ನೋಡಿದೆ, 4,300 ಜೌಲ್ ದಾಟುತ್ತೆ (ಇಂಜಿನಿಯರಿಂಗ್ ಡಿಗ್ರಿ ಕೊನೆಗೂ ಉಪಯೋಗಕ್ಕೆ ಬಂತು!). 1909ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಹೊತ್ತುಕೊಂಡು ಹೋಗಿದ್ದೂ ಇದನ್ನೇ.

ಒಂದೇ ತೋಟಾ ಇದ್ದರೆ ಬೇಟೆಗಾರ ಹುಷಾರಾಗ್ತಾನೆ, ಅವಸರ ಮಾಡಲ್ಲ, ಪ್ರಾಣಿಗೂ ಒಂದು ಅವಕಾಶ ಸಿಗುತ್ತೆ ಅಂತ ಇದರ ಅಭಿಮಾನಿಗಳು ಹೇಳ್ತಾರೆ. ಮೊದಲೆರಡು ಮಾತು ಒಪ್ಪಬಹುದೇನೋ. ಮೂರನೇದು ನನಗೆ ಗಂಟಲಲ್ಲಿ ಇಳಿಯಲ್ಲ. ಗುರಿ ಪೂರ್ತಿ ತಪ್ಪಿದರೆ ಪ್ರಾಣಿ ಬಚಾವ್, ಸರಿ. ಅರ್ಧ ತಪ್ಪಿದರೆ? 1907ರಲ್ಲಿ ಜಿಮ್ ಕಾರ್ಬೆಟ್ ಕುಮಾವ್ನ್‌ನಲ್ಲಿ ಕೊಂದ ಚಂಪಾವತ್ ಹೆಣ್ಣುಹುಲಿಯ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ವು. ಹಿಂದೆ ಯಾರೋ ಹೊಡೆದ ಗುಂಡು. ಸಹಜ ಬೇಟೆ ಆಡೋಕಾಗದೆ ಅದು ಮನುಷ್ಯರ ಮೇಲೆ ಬಿತ್ತು ಅಂತ ಕಾರ್ಬೆಟ್ ಬರೀತಾನೆ. ಅವನ ಲೆಕ್ಕದಲ್ಲಿ ಸತ್ತವರು 436. ಆ ಗುಂಡು ಹೊಡೆದವನಿಗೂ ಹುಲಿ "ತಪ್ಪಿಸಿಕೊಂಡಿತು" ಅಂತಲೇ ಅನ್ನಿಸಿರಬೇಕು. ಸೌದೆ, ಸೊಪ್ಪು ತರೋಕೆ ಕಾಡಿಗೆ ಹೋದ ಹೆಂಗಸರು ಅದರ ಬೆಲೆ ತೆತ್ತರು.

ಆದರೂ ಆ ಯಂತ್ರ ಮಾತ್ರ ಇಷ್ಟ ಕಣ್ರೀ. ತೋಟಾ ಇಲ್ಲದೆ, ಸುಮ್ನೆ ಲಿವರ್ ಆಡಿಸಿ ಆ ಬಾಗಿಲು ಮುಚ್ಚೋ ಸದ್ದು ಕೇಳಬೇಕು. ಅಮೆರಿಕದಲ್ಲಿರೋ ಬ್ಲಾಗಿಗರು ಯಾರಾದ್ರೂ ಕೈಯಲ್ಲಿ ಹಿಡಿದು ನೋಡಿದ್ರೆ ಹೇಗಿತ್ತು ಅಂತ ಕಾಮೆಂಟಲ್ಲಿ ಬರೀರಿ..