ಮಾಮ, ಮಿನಿಲಾಗ್ ಮತ್ತು ಕೆಂಪು ದೀಪ

ನನ್ನ ಲ್ಯಾಪ್‌ಟಾಪಿನಲ್ಲಿ 41 ನಿಮಿಷದ ಒಂದು ಆಡಿಯೋ ಫೈಲ್ ಇದೆ. ಮೊದಲ 11 ನಿಮಿಷ ಚೆನ್ನಾಗಿದೆ. ಉಳಿದ ಅರ್ಧ ಗಂಟೆ ಹಾಳಾಗಿದೆ, ಹಾಳು ಮಾಡಿದ್ದು ನಾನೇ. ಒಂದು ನಾಬ್ ತಿರುಗಿಸುವ ಬದಲು ಅದರ ಪಕ್ಕದ್ದನ್ನು ತಿರುಗಿಸಿದೆ, ಅಷ್ಟೇ.

ಅದರಲ್ಲಿ ನುಡಿಸುತ್ತಿರುವುದು ನಮ್ಮ ಮಾಮ. ಮಾಮ ಅಂದ್ರೆ ಅಮ್ಮನ ತಮ್ಮ. ದಾವಣಗೆರೆಯವರು. ಹಗಲು ಕಾಳಿನ ವ್ಯಾಪಾರ, ರಾತ್ರಿ ಆರ್ಕೆಸ್ಟ್ರಾ. ಗಣಪತಿ ಹಬ್ಬದಲ್ಲಿ, ಮದುವೆಯ ಆರತಕ್ಷತೆಯಲ್ಲಿ ವೇದಿಕೆ ಹಾಕಿ ಸಿನಿಮಾ ಹಾಡು ಹಾಡುವ ತಂಡಗಳಿಗೆ ಕರ್ನಾಟಕದಲ್ಲಿ ಆರ್ಕೆಸ್ಟ್ರಾ ಅಂತಾರೆ. ಇಲ್ಲೇ ಹುಟ್ಟಿ ಬೆಳೆದವರು ಆ ಪದ ಕೇಳಿ ಬರ್ಲಿನ್ ಫಿಲ್‌ಹಾರ್ಮೋನಿಕ್ ನೆನಪಿಸಿಕೊಂಡರೆ ತಪ್ಪು ನಿಮ್ಮದಲ್ಲ. ಮಾಮ ಇಪ್ಪತ್ತು ವರ್ಷ ಅಂಥ ತಂಡದಲ್ಲಿ ಕೀಬೋರ್ಡ್ ನುಡಿಸಿದರು. ಊರಲ್ಲಿ ಯಾವ ಕಂಪನಿಯ ಕೀಬೋರ್ಡ್ ಆದರೂ ಅದನ್ನು ‘ಕ್ಯಾಸಿಯೋ’ ಅಂತಲೇ ಕರೆಯುತ್ತಿದ್ದರು, ಮಾಮನಿಗೂ ಕ್ಯಾಸಿಯೋ ಮಾಮ ಅಂತಲೇ ಹೆಸರು. 1987ರಲ್ಲಿ ‘ಪ್ರೇಮಲೋಕ’ ಬಂದ ಮೇಲೆ, ಹಂಸಲೇಖ ಹಾಡಿನ ನಡುವಿನ ಬಿಟ್‌ಗಳನ್ನು ಬಾರಿಸೋಕೆ ಬರದವನು ಕೀಬೋರ್ಡ್ ಪ್ಲೇಯರೇ ಅಲ್ಲ ಅನ್ನುವ ಹಾಗಾಯಿತಂತೆ.

ಆಮೇಲೆ ಎಲ್ಲ ಪೆನ್‌ಡ್ರೈವ್‌ನ ಟ್ರ್ಯಾಕ್ ಹಾಕಿ ಹಾಡೋದು ಶುರುವಾಯಿತು. ಮಾಮನ ಕೀಬೋರ್ಡ್ ಅಟ್ಟ ಸೇರಿತು.

ಅವರು ಬರ್ಲಿನ್‌ಗೆ ಬಂದದ್ದು 2022ರ ಮೇ ತಿಂಗಳಲ್ಲಿ, ಅಮ್ಮನ ಜೊತೆ. ಸೂಟ್‌ಕೇಸಿನಲ್ಲಿ ನಾಲ್ಕು ಪೊಟ್ಟಣ ಮಂಡಕ್ಕಿ. ನಾನು ಮಾಸ್ಟರ್ಸ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನನಗಂತ ಕೊಂಡ ಮೊದಲ ದುಬಾರಿ ವಸ್ತು ಒಂದು ಸೆಕೆಂಡ್‌ಹ್ಯಾಂಡ್ ಕೋರ್ಗ್ ಮಿನಿಲಾಗ್ ಸಿಂಥಸೈಜರ್. ಮಾಮ ಅದನ್ನು ನೋಡಿ ಮೊದಲು ನಕ್ಕರು. ಅದರ 37 ಕೀಗಳು ಮಾಮೂಲಿ ಕೀಗಳಿಗಿಂತ ಸಣ್ಣವು.

“ಏನೋ ಇದು, ಹುಡ್ರು ಆಟದ ಸಾಮಾನಿದ್ದಂಗೈತೆ!”

ಆದರೆ ಅದರಲ್ಲೊಂದು ಪುಟ್ಟ ಪರದೆ ಇದೆ, ನುಡಿಸಿದ ಸ್ವರದ ಅಲೆ ಅದರಲ್ಲಿ ಮೂಡುತ್ತದೆ. ಮಾಮ ಒಂದು ಸ್ವರ ಒತ್ತಿ, ಫಿಲ್ಟರ್ ತಿರುಗಿಸಿ, ಚೂಪಾಗಿದ್ದ ಅಲೆ ದುಂಡಗಾಗುವುದನ್ನು ಕಂಡರು. ಆಮೇಲೆ ಎರಡು ದಿನ ಬೇರೆ ಮಾತೇ ಇಲ್ಲ.

ಅವತ್ತು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಇಡೀ ದಿನ ಸದ್ದು ಮಾಡಬಾರದು, ರೂಹೆತ್ಸೈಟ್ ಅಂತಾರೆ. ಕೆಳಗಿನ ಮನೆಯ ಅಜ್ಜಿ ಒಗ್ಗರಣೆ ಘಾಟನ್ನಾದರೂ ಸಹಿಸುತ್ತಾರೆ, ಭಾನುವಾರದ ಡ್ರಿಲ್ಲಿಂಗ್ ಸಹಿಸುವುದಿಲ್ಲ. ಸ್ಪೀಕರ್ ಬೇಡ ಅಂತ ಸಿಂಥ್‌ನ ಔಟ್‌ಪುಟ್‌ನಿಂದ ಆಡಿಯೋ ಇಂಟರ್‌ಫೇಸ್‌ಗೆ ಒಂದು ಕೇಬಲ್ ಹಾಕಿ, ಇಂಟರ್‌ಫೇಸ್‌ನ ಹೆಡ್‌ಫೋನ್ ಮಾಮನ ಕಿವಿಗೆ ಹಾಕಿದೆ. ಹೇಗೂ ನುಡಿಸುತ್ತಾರಲ್ಲ ಅಂತ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಒತ್ತಿದೆ.

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಲೇಬೇಕು.

ಸಿಂಥಸೈಜರ್‌ನಿಂದ ಹೊರಬರುವುದು ಶಬ್ದ ಅಲ್ಲ, ವೋಲ್ಟೇಜು. ಅದು ಎಷ್ಟಿರಬೇಕು ಅನ್ನುವುದಕ್ಕೆ ಎರಡು ಹಳೆಯ ರೂಢಿಗಳಿವೆ. ಸ್ಟುಡಿಯೋ ಸಾಮಾನುಗಳದ್ದು ಪ್ಲಸ್ 4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಮನೆಬಳಕೆಯ ಸಾಮಾನುಗಳದ್ದು ಮೈನಸ್ 10 ಡಿಬಿವಿ, ಅಂದರೆ 0.316 ವೋಲ್ಟ್. ಎರಡರ ನಡುವೆ ಹತ್ತಿರ ಹತ್ತಿರ 12 ಡೆಸಿಬೆಲ್ ಅಂತರ. ಸಿಂಥ್‌ಗಳು ಒಂದೊಂದೂ ಒಂದೊಂದು ಥರ. ಅದಕ್ಕೇ ಇಂಟರ್‌ಫೇಸ್‌ನಲ್ಲಿ ಗೇನ್ ಅನ್ನೋ ನಾಬ್ ಕೊಟ್ಟಿರುತ್ತಾರೆ. ಬಂದ ವೋಲ್ಟೇಜನ್ನು ಅದು ಹಿಗ್ಗಿಸಿ ಅಥವಾ ಕುಗ್ಗಿಸಿ ಒಳಗಿನ ಕನ್ವರ್ಟರ್‌ಗೆ ಕೊಡುತ್ತದೆ. ಕನ್ವರ್ಟರ್ ಅದನ್ನು ಅಂಕಿಗಳಾಗಿ ಬರೆಯುತ್ತದೆ.

ಆ ಅಂಕಿಗಳಿಗೆ ಒಂದು ಮೇಲ್ಮಿತಿ ಇದೆ, ಸೊನ್ನೆ ಡಿಬಿಎಫ್‌ಎಸ್. ಅದರಾಚೆ ಬರೆಯೋಕೆ ಅಂಕಿಯೇ ಇಲ್ಲ. ಮಾಮನ ಅಂಗಡಿಯಲ್ಲಿ ಸೇರಿನಿಂದ ಜೋಳ ಅಳೆಯುವಾಗ, ತುಂಬಿ ಗೋಪುರವಾದದ್ದನ್ನು ಅಂಗೈಯಿಂದ ಎಳೆದು ಬಾಯಿಮಟ್ಟಕ್ಕೆ ಸಮ ಮಾಡ್ತಾರಲ್ಲ, ಹಾಗೆ. ಅಲೆಯ ತುದಿ ದುಂಡಗಿರಲಿ, ಚೂಪಾಗಿರಲಿ, ಮಿತಿ ದಾಟಿದ್ದೆಲ್ಲ ಚಪ್ಪಟೆ. ಕಿವಿಗೆ ಅದು ಹರಿದ ಹಾಗೆ, ಕರ್ರ್ ಅಂತ ಕೇಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ವಾಲ್ಯೂಮ್ ಇಳಿಸಿದರೆ ಚಪ್ಪಟೆಯಾದದ್ದು ಮೆಲ್ಲಗೆ ಕೇಳುತ್ತದೆಯೇ ಹೊರತು ದುಂಡಗಾಗುವುದಿಲ್ಲ.

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇನ್‌ಪುಟ್ ಸ್ವಿಚ್ ‘ಲೈನ್’ಗೆ ಹಾಕಿದ್ದೆ, ಗಿಟಾರ್‌ಗಿರುವ ‘ಇನ್‌ಸ್ಟ್‌’ಗಲ್ಲ. ಸಿಂಥ್‌ನ ವಾಲ್ಯೂಮ್ ಮುಕ್ಕಾಲಿಗಿಟ್ಟು, ಗೇನ್ ಪೂರ್ತಿ ಇಳಿಸಿ, ನಿಧಾನಕ್ಕೆ ಏರಿಸುತ್ತಾ ಬಂದೆ. “ಮಾಮ, ಒಂದ್ ಸಲ ಬಾರಿಸಿ ನೋಡ್ರಿ” ಅಂದೆ. ಮಾಮ ಒಂದೇ ಬೆರಳಲ್ಲಿ ಒಂದು ಸ್ವರ ಒತ್ತಿದರು. ಮೀಟರ್ ಮೈನಸ್ 14ರ ಹತ್ತಿರ ನಿಂತಿತು. ಸಾಕು ಅಂದುಕೊಂಡೆ.

ಮಿನಿಲಾಗ್‌ನಲ್ಲಿ ನಾಲ್ಕು ಸ್ವರ ಒಟ್ಟಿಗೆ ನುಡಿಯುತ್ತವೆ. ಒಂದರ ಬದಲು ನಾಲ್ಕಾದರೆ ಮಟ್ಟ ಸರಾಸರಿ 6 ಡೆಸಿಬೆಲ್ ಏರುತ್ತದೆ. ನಾಲ್ಕು ಅಲೆಗಳ ತುದಿಗಳೂ ಒಂದೇ ಕ್ಷಣಕ್ಕೆ ಕೂಡಿಕೊಂಡರೆ ಆ ತುದಿ 12ರವರೆಗೂ ಹೋಗಬಹುದು. ಹಾಗೆ ನೋಡಿದರೆ ಮೈನಸ್ 14 ಹೇಗೋ ತಡೆಯುತ್ತಿತ್ತು. ತಡೆಯಿತು ಕೂಡ, 11 ನಿಮಿಷ.

ಆಗ ಮಾಮ ಹೆಡ್‌ಫೋನ್ ಒತ್ತಿಕೊಂಡು ಅಂದರು, “ಸಣ್ಣಗೆ ಕೇಳ್ತೈತೋ. ಇನ್ನೊಂಚೂರು ಜಾಸ್ತಿ ಮಾಡು.”

ಇಪ್ಪತ್ತು ವರ್ಷ ಆಳೆತ್ತರದ ಸ್ಪೀಕರ್ ಬಾಕ್ಸ್ ಪಕ್ಕ ಕೂತವರು. ಎಡಗಿವಿ ಆಗಲೇ ಮಂದ. ಹೆಡ್‌ಫೋನಿನ ನಾಬ್ ಬಲಗಡೆಗಿತ್ತು. ನಾನು ಫೋನಿನಲ್ಲಿ ಅವರ ಕೈಯ ವಿಡಿಯೋ ಮಾಡುತ್ತಿದ್ದೆ, ಕಣ್ಣು ಫೋನಿನ ಮೇಲೆ. ಇನ್ನೊಂದು ಕೈ ಚಾಚಿ ಎಡಗಡೆಯದ್ದನ್ನು ತಿರುಗಿಸಿದೆ, ಗೇನ್. ಇನ್‌ಪುಟ್ ನೇರವಾಗಿ ಹೆಡ್‌ಫೋನಿಗೂ ಹೋಗುವುದರಿಂದ ಅವರಿಗೆ ಸದ್ದು ಜಾಸ್ತಿಯೇ ಆಯಿತು.

“ಈಗ ಬಂತು ನೋಡು!” ಅಂದರು. ಖುಷಿಯಾಗಿ ಫಿಲ್ಟರ್ ತೆರೆದು, ಪಕ್ಕದ ರೆಸೊನೆನ್ಸ್ ಕೂಡ ಏರಿಸಿ, ಎರಡೂ ಕೈಯಲ್ಲಿ ಶುರು ಮಾಡಿದರು. ಇಂಟರ್‌ಫೇಸ್ ಮೇಲಿನ ದೀಪ ಹಸಿರಿನಿಂದ ಕೆಂಪಿಗೆ ತಿರುಗಿರಬೇಕು. ಯಾರೂ ನೋಡಲಿಲ್ಲ. ಹೆಡ್‌ಫೋನ್ ಇದ್ದದ್ದು ಒಂದೇ, ಅದು ಅವರ ಕಿವಿಯಲ್ಲಿ. ಸಿಂಥ್‌ನ ಪುಟ್ಟ ಪರದೆಯಲ್ಲಂತೂ ಅಲೆ ಸರಿಯಾಗೇ ಇತ್ತು, ಯಾಕಂದ್ರೆ ಅದು ತೋರಿಸುವುದು ಸಿಂಥ್‌ನ ಒಳಗಿನದ್ದನ್ನು. ಏಟು ಬೀಳುತ್ತಿದ್ದದ್ದು ಕೇಬಲ್‌ನ ಆಚೆ ತುದಿಯಲ್ಲಿ.

ನಾನು ಫೈಲ್ ತೆರೆದದ್ದು ಅವರು ವಾಪಸ್ ಹೋಗಿ ಎರಡು ವಾರ ಆದಮೇಲೆ. ಕೇಳುವ ಮುಂಚೆಯೇ ಕಣ್ಣಿಗೆ ಬಿತ್ತು. 11ನೇ ನಿಮಿಷದವರೆಗೆ ಬೆಟ್ಟ ಕಣಿವೆ, ಆಮೇಲೆ ಗೋಡೆ.

ಅಂಥ ಗೋಡೆ ನನಗೆ ಹೊಸದಲ್ಲ. ಆಫೀಸಿನಲ್ಲಿ ಒಮ್ಮೆ ಯಂತ್ರಗಳ ಕಂಪನ ಅಳೆಯುವ ಸೆನ್ಸರ್‌ಗಳ ಡೇಟಾ ಬಂದಿತ್ತು. ಗ್ರಾಫ್ ಮಾಡಿದರೆ ಬಲತುದಿಯಲ್ಲಿ ಸಾವಿರಾರು ಅಳತೆಗಳು ಒಂದೇ ಸಂಖ್ಯೆಯ ಮೇಲೆ ಗುಡ್ಡೆ ಬಿದ್ದಿದ್ದವು. ಸೆನ್ಸರ್‌ಗೆ ಅದಕ್ಕಿಂತ ಮೇಲೆ ಅಳೆಯೋಕೆ ಬರುತ್ತಿರಲಿಲ್ಲ. ಯಂತ್ರ ಕೆಡುವ ಹೊತ್ತಿನ, ನಮಗೆ ನಿಜಕ್ಕೂ ಬೇಕಾಗಿದ್ದ ಅಳತೆಗಳೇ ಅವು. ಮೀಟಿಂಗ್‌ನಲ್ಲಿ ನಾನು ದೊಡ್ಡದಾಗಿ ಹೇಳಿದ್ದೆ, ಇದನ್ನು ಆಮೇಲೆ ಸರಿಮಾಡಲು ಆಗಲ್ಲ, ಅಳೆಯುವ ಜಾಗದಲ್ಲೇ ಸರಿ ಮಾಡಬೇಕು ಅಂತ.

ಡಿಕ್ಲಿಪ್ ಮಾಡುವ ಸಾಫ್ಟ್‌ವೇರ್‌ಗಳಿವೆ. ಅಕ್ಕಪಕ್ಕದ ಅಲೆ ನೋಡಿ, ಕತ್ತರಿಸಿಹೋದ ತುದಿ ಹೀಗಿದ್ದಿರಬಹುದು ಅಂತ ಊಹಿಸಿ ತುಂಬುತ್ತವೆ. ಅಲ್ಲೊಂದು ಇಲ್ಲೊಂದು ತುದಿ ಹೋಗಿದ್ದರೆ ಗೊತ್ತೇ ಆಗದ ಹಾಗೆ ತುಂಬುತ್ತವೆ. ಇದು ಅರ್ಧ ಗಂಟೆ. ತುಂಬಿಸಿ ಕೇಳಿದೆ. ಕರ್ರ್ ಅನ್ನೋದು ಕಮ್ಮಿಯಾಯಿತು, ಆದರೆ ಕಂಬಳಿ ಹೊದಿಸಿದ ಹಾಗಾಯಿತು. ಮಾಮ ಬೇಕಂತಲೇ ಏರಿಸಿದ ರೆಸೊನೆನ್ಸ್ ಯಾವುದು, ನನ್ನ ಗೇನ್ ಹರಿದದ್ದು ಯಾವುದು, ಆ ಪ್ರೋಗ್ರಾಮ್‌ಗೆ ಹೇಗೆ ಗೊತ್ತಾಗಬೇಕು? ಡಿಲೀಟ್ ಮಾಡಿ ಮೂಲವನ್ನೇ ಇಟ್ಟುಕೊಂಡೆ.

ಹೊಟ್ಟೆ ಉರಿಯುವುದು ಯಾಕೆಂದರೆ, ಜೋರಾಗಿ ರೆಕಾರ್ಡ್ ಮಾಡುವ ಅಗತ್ಯವೇ ಇರಲಿಲ್ಲ. ಟೇಪ್ ಕಾಲದಲ್ಲಿ ಮಟ್ಟ ಕಮ್ಮಿಯಾದರೆ ಟೇಪಿನ ಉಸ್ಸ್ ಅನ್ನೋ ಸದ್ದು ಮೇಲೆದ್ದು ಬರುತ್ತಿತ್ತು, ಹಾಗಾಗಿ ಜೋರಾಗಿ ತುಂಬುವುದರಲ್ಲಿ ಅರ್ಥವಿತ್ತು. ಈಗಿನ ಕನ್ವರ್ಟರ್‌ಗಳು 24 ಬಿಟ್. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್, ಲೆಕ್ಕದಲ್ಲಿ 144. ನಿಜವಾಗಿ ಅಷ್ಟು ಸಿಗುವುದಿಲ್ಲ, ಆದರೂ ಬೇಕಾದಷ್ಟಿದೆ. ತುದಿಗಳು ಮೈನಸ್ 12ರಲ್ಲಿದ್ದರೆ ನಾವು ಬಿಟ್ಟುಕೊಡುವುದು ಎರಡೇ ಬಿಟ್. ಅನಲಾಗ್ ಸಿಂಥ್‌ನದ್ದೇ ಗುಂಯ್ ಸದ್ದು ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಮೆಲ್ಲಗೆ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಿಕೊಳ್ಳಬಹುದು, ಏನೂ ಕಳೆದುಹೋಗಲ್ಲ.

ಈಗ ನಾನು ಮಾಡುವುದು ಬೇರೆ. ಸಿಂಥ್‌ನ ವಾಲ್ಯೂಮ್ ಹೆಚ್ಚುಕಮ್ಮಿ ಪೂರ್ತಿ. ಗೇನ್ ಸೊನ್ನೆಯಿಂದ ಶುರು. ಒಂದು ಸ್ವರ ಒತ್ತಿ ನೋಡುವುದಿಲ್ಲ. ಕೆಳಗಿನ ಆಕ್ಟೇವ್‌ನಲ್ಲಿ ನಾಲ್ಕು ಸ್ವರ ಒಟ್ಟಿಗೆ ಒತ್ತಿ, ಫಿಲ್ಟರ್ ತೆರೆದು, ರೆಸೊನೆನ್ಸ್ ಏರಿಸಿ, ಇದಕ್ಕಿಂತ ಕೆಟ್ಟದಾಗಿ ನುಡಿಸೋಕೆ ಆಗಲ್ಲ ಅನ್ನುವ ಹಾಗೆ ನುಡಿಸಿ, ಆಗ ತುದಿಗಳು ಮೈನಸ್ 12 ದಾಟದ ಹಾಗೆ ಇಡುತ್ತೇನೆ. ಟೆಸ್ಟಿಂಗ್ ಅಂದ ಕೂಡಲೇ ಎಲ್ಲರೂ ಮೆಲ್ಲಗೆ ನುಡಿಸುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ನೀವು ನಿಮ್ಮ ಅಜ್ಜಿಯ ಕಥೆ ಮೈಕಿನಲ್ಲಿ ರೆಕಾರ್ಡ್ ಮಾಡುವಾಗಲೂ ಅಷ್ಟೇ: “ಒನ್ ಟೂ ತ್ರೀ ಹೇಳಜ್ಜಿ” ಅನ್ನಬೇಡಿ, ಅವರನ್ನು ಒಮ್ಮೆ ನಗಿಸಿ ಮೀಟರ್ ನೋಡಿ. ಗೇನ್ ಇಟ್ಟಾದ ಮೇಲೆ ಅದರ ಮೇಲೊಂದು ತುಂಡು ಟೇಪ್ ಅಂಟಿಸುತ್ತೇನೆ. ಕೇಳ್ತಿಲ್ಲ ಅಂದರೆ ಮುಟ್ಟುವುದು ಹೆಡ್‌ಫೋನಿನ ನಾಬ್ ಮಾತ್ರ.

ಕಳೆದ ವರ್ಷ ಮಾಮನಿಗೆ ಲಕ್ವ ಹೊಡೆಯಿತು. ನಡೆಯುತ್ತಾರೆ, ಮಾತು ಸರಿಯಾಗಿದೆ, ಆದರೆ ಬಲಗೈ ಬೆರಳುಗಳು ಮಡಚಿಕೊಂಡಿವೆ. ದೀಪಾವಳಿಯ ದಿನ ವಿಡಿಯೋ ಕಾಲ್‌ನಲ್ಲಿ ಕೇಳಿದರು, “ಅವತ್ತು ಬಾರಿಸಿದ್ದನ್ನ ಕಳ್ಸೇ ಇಲ್ವಲ್ಲೋ ನೀನು.”

ಮೊದಲ 11 ನಿಮಿಷ ಕತ್ತರಿಸಿ ವಾಟ್ಸಾಪ್ ಮಾಡಿದೆ. ಹದಿನೈದೇ ನಿಮಿಷಕ್ಕೆ ಫೋನ್ ಬಂತು.

“ಇಷ್ಟೇ ಏನೋ? ಊಟದ ಹೊತ್ತಿನ ತನಕ ಬಾರಿಸಿದ್ನಲ್ಲ.”

“ಉಳಿದದ್ದು ಸೌಂಡ್ ಒಡೆದುಬಿಟ್ಟಿದೆ ಮಾಮ. ನಂದೇ ತಪ್ಪು, ಗೇನ್ ಜಾಸ್ತಿ ಇಟ್ಟಿದ್ದೆ.”

“ಒಡೆದ್ರೆ ಒಡೀಲಿ, ಕಳ್ಸು. ಗಣಪತಿ ಪೆಂಡಾಲ್‌ನಾಗೆ ನಾವೇನ್ ಒಡೀದೆ ಬಾರಿಸಿದ್ವಾ?”

ಕಳಿಸುವ ಮುಂಚೆ ಆ ವಿಡಿಯೋ ಹುಡುಕಿದೆ. ಅದರಲ್ಲಿ ಸಿಂಥ್‌ನ ಸದ್ದಿಲ್ಲ, ಎಲ್ಲ ಹೆಡ್‌ಫೋನ್ ಒಳಗೇ ಇತ್ತಲ್ಲ. ಬರೀ ಪ್ಲಾಸ್ಟಿಕ್ ಕೀಗಳ ಟಕಟಕ, ಅಡುಗೆಮನೆಯಲ್ಲಿ ಅಮ್ಮ ನಲ್ಲಿ ತಿರುಗಿಸಿದ ಸದ್ದು. ಮತ್ತೆ, ಹೆಡ್‌ಫೋನ್ ಹಾಕಿಕೊಂಡವರು ತಮಗೇ ಗೊತ್ತಿಲ್ಲದೆ ಗುನುಗುತ್ತಾರಲ್ಲ, ಹಾಗೆ ಮಾಮ ಗುನುಗುತ್ತಿದ್ದಾರೆ. ನಡುನಡುವೆ “ಹಾಂ, ಇದು”, “ಅಲ್ಲ ಅಲ್ಲ, ಮೇಲಿಂದು”. ಫೋನಿನ ಮೈಕ್‌ಗೆ ಅದೆಲ್ಲ ಸರಿಯಾದ ಮಟ್ಟದಲ್ಲಿ, ಎಲ್ಲೂ ಒಡೆಯದೆ ಬಂದಿದೆ.

ಎರಡನ್ನೂ ಒಂದರ ಕೆಳಗೊಂದು ಇಟ್ಟೆ. ಒಡೆದ ಸಿಂಥ್ 18 ಡೆಸಿಬೆಲ್ ಕೆಳಗೆ, ಗುನುಗು ಅದರ ಮೇಲೆ. ಟಕಟಕ ಸದ್ದು ಹಿಡಿದುಕೊಂಡು ಹೊಂದಿಸುವಷ್ಟರಲ್ಲಿ ರಾತ್ರಿ ಒಂದೂವರೆ ಆಗಿತ್ತು. ದಾವಣಗೆರೆಯಲ್ಲಿ ಬೆಳಗಿನ ಆರು. ಮಾಮ ಎದ್ದಿರುತ್ತಾರೆ ಅಂತ ಆಗಲೇ ಕಳಿಸಿದೆ.